ದಿಬ್ಬದಾಚೆಯ ಕುಳಿ

ಕ್ಲಬ್‌ಹೌಸಿನ ಗೋಡೆಗೆ ಮೈ ಒತ್ತಿಕೊಂಡು ಮೂರು ಆಡುಗಳು ಮಲಗಿದ್ದವು. ಜೂನ್ ತಿಂಗಳು, ಬೆಳಗಿನ ಒಂಬತ್ತು ಗಂಟೆ, ಎಳೆಬಿಸಿಲು. ಲಿಸ್ಕ್ಯಾನರ್ ಕೊಲ್ಲಿಯ ನೀರು ಹುಣಸೆಹಣ್ಣು ಹಾಕಿ ತಿಕ್ಕಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ತಂಗಿಯ ಮಗ ಫೋನ್ ತೆರೆದು ನೋಡಿ, "ಸಂಜೆವರೆಗೂ ಮಳೆ ಇಲ್ಲ ಮಾವ, ಜಾಕೆಟ್ ಕಾರಲ್ಲೇ ಇರಲಿ" ಎಂದ. ಅವನ ಗಾಲ್ಫ್ ಕೋಲುಗಳ ಚೀಲವನ್ನು ಹೆಗಲಿಗೇರಿಸುತ್ತಿದ್ದ ಕ್ಯಾಡಿ ಎಪ್ಪತ್ತರ ಆಸುಪಾಸಿನ ಕೆಂಪುಮುಖದ ಮನುಷ್ಯ. ಅವನು ಫೋನನ್ನೂ ನೋಡಲಿಲ್ಲ, ಆಕಾಶವನ್ನೂ ನೋಡಲಿಲ್ಲ. ಆಡುಗಳನ್ನು ನೋಡಿದ. ನೋಡಿ, ತನ್ನ ರೇನ್‌ಕೋಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡ.

ಇದು ಲಾಹಿಂಚ್. ಐರ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ಕ್ಲೇರ್ ಕೌಂಟಿಯಲ್ಲಿ ಅಟ್ಲಾಂಟಿಕ್‌ಗೆ ಮುಖಮಾಡಿ ಕೂತಿರುವ ಊರು. ಒಂದೇ ಒಂದು ದೊಡ್ಡ ಬೀದಿ, ಬೀದಿಯ ಕೊನೆಗೆ ಸಮುದ್ರ. ದಕ್ಷಿಣದ ತುದಿಯಲ್ಲಿ ಅಲೆ ಏರುವ ಹುಡುಗ ಹುಡುಗಿಯರು ಕರಿಯ ರಬ್ಬರು ಉಡುಪಿನಲ್ಲಿ ನೀರ್ಕಾಗೆಗಳಂತೆ ಓಡಾಡುತ್ತಿರುತ್ತಾರೆ. ಉತ್ತರದ ತುದಿಯಲ್ಲಿ ಮರಳುದಿಬ್ಬಗಳು. ಆ ದಿಬ್ಬಗಳ ಮೇಲೆ, ನಡುವೆ, ಸಂದಿಯಲ್ಲಿ ಲಾಹಿಂಚ್ ಗಾಲ್ಫ್ ಕ್ಲಬ್ಬಿನ ಹದಿನೆಂಟು ಹೋಲುಗಳು, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಹದಿನೆಂಟು ದಾರಿಗಳು. ನಾನು ಗಾಲ್ಫ್ ಆಡುವವನಲ್ಲ. ಹೊನ್ನಾವರ ಕಡೆಯ ನಮಗೆ ಮರಳದಂಡೆಯಲ್ಲಿ ಗೊತ್ತಿದ್ದ ಆಟ ಕಬಡ್ಡಿಯೊಂದೇ. ಲಿಮೆರಿಕ್‌ನಲ್ಲಿ ಕೆಲಸ ಮಾಡುವ ಅಳಿಯನಿಗೆ ಅಲ್ಲಿನ ಸಹೋದ್ಯೋಗಿಯೊಬ್ಬರು ಗಾಲ್ಫಿನ ಹುಚ್ಚು ಹಚ್ಚಿದ್ದಾರೆ. ಅವರೇ ಇಲ್ಲಿನ ಸದಸ್ಯರು, ಅಂದಿನ ನಮ್ಮ ಆತಿಥೇಯರು. ಹೊರಗಿನಿಂದ ಬಂದವರು ಒಂದು ಸುತ್ತು ಆಡಲು ನೂರಾರು ಯೂರೋ ತೆರಬೇಕು. ನೋಡುತ್ತಾ ಜೊತೆಗೆ ನಡೆದ ನನಗೆ ತಗುಲಿದ ಖರ್ಚು ಒಂದು ಜೊತೆ ಕಾಲುಚೀಲ ಮಾತ್ರ.

ಆಡುಗಳ ವಿಚಾರ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಹಿಂದೆ ಇಲ್ಲಿನ ಕ್ಯಾಡಿಯೊಬ್ಬ ಆಡು ಸಾಕಿಕೊಂಡಿದ್ದ. ಅವು ದಿಬ್ಬಗಳಲ್ಲಿ ಮೇಯುತ್ತಿದ್ದವು. ಮಳೆಗಾಳಿ ಬರುವ ಮುನ್ನ ಅವು ಕ್ಲಬ್‌ಹೌಸಿನ ಆಸರೆಗೆ ಬಂದು ಸೇರುವುದನ್ನೂ, ದಿನ ಚೆನ್ನಾಗಿದ್ದರೆ ದೂರದ ದಿಬ್ಬಗಳಿಗೆ ಹೋಗುವುದನ್ನೂ ಜನ ಕಂಡುಕೊಂಡರು. ಕ್ಲಬ್ಬಿನ ಬ್ಯಾರೋಮೀಟರ್ ಕೆಟ್ಟಾಗ ಯಾರೋ ಅದರ ಮೇಲೆ ಒಂದು ಚೀಟಿ ಸಿಕ್ಕಿಸಿದರು: ಆಡುಗಳನ್ನು ನೋಡಿ. ಆ ಬ್ಯಾರೋಮೀಟರನ್ನು ಮತ್ತೆ ರಿಪೇರಿ ಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಈಗ ಕ್ಲಬ್ಬಿನ ಲಾಂಛನದಲ್ಲೇ ಆಡು ಇದೆ. ಟೋಪಿ, ಅಂಗಿ, ಚೆಂಡುಗಳ ಮೇಲೂ ಅದರದೇ ಮುದ್ರೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ನಮ್ಮ ಮಾತನ್ನು ಕ್ಯಾಡಿಗೆ ಹೇಗೋ ಅರ್ಥ ಮಾಡಿಸಿದೆ. ಅವನು ನಕ್ಕು, "ಇಲ್ಲಿ ಟೋಪಿಯನ್ನೂ ಬಿಡುವುದಿಲ್ಲ, ಹುಷಾರು" ಎಂದ.

ಮೊದಲ ಹೋಲು ಏರು. ಕಾಲಿನಡಿಯ ಹುಲ್ಲು ನಮ್ಮ ಉದ್ಯಾನಗಳ ಮೆತ್ತೆಯಂಥದ್ದಲ್ಲ. ಗಿಡ್ಡ, ಒರಟು, ಕೂದಲಿನಷ್ಟು ಸಣ್ಣ ಎಳೆ. ಅದರಡಿಯಲ್ಲಿ ಶುದ್ಧ ಮರಳು. ಎಷ್ಟೇ ಮಳೆ ಸುರಿದರೂ ನೀರು ನಿಲ್ಲದೆ ಕೆಳಗಿಳಿದುಬಿಡುವುದರಿಂದ ನೆಲ ಯಾವಾಗಲೂ ಗಟ್ಟಿ. ಚೆಂಡು ಬಿದ್ದಲ್ಲಿ ನಿಲ್ಲದೆ ಪುಟಿಯುತ್ತಾ ತನ್ನಿಷ್ಟ ಬಂದ ಕಡೆ ಉರುಳುತ್ತದೆ. ಇಂಥ ಮೈದಾನಕ್ಕೆ 'ಲಿಂಕ್ಸ್' ಎಂದು ಹೆಸರು. ಕಡಲನ್ನೂ ಹೊಲವನ್ನೂ ಬೆಸೆಯುವ ಜಾಗವಾದ್ದರಿಂದ ಆ ಹೆಸರು ಬಂತು ಎಂದು ಹಲವರು ಹೇಳುತ್ತಾರೆ. ಕೇಳಲು ಚೆಂದ, ಆದರೆ ನಿಜವಲ್ಲ. ದಿಬ್ಬ, ಏಣು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದು ಹೀಗೆ ಉಳಿದುಕೊಂಡಿದೆ. ಉಳುಮೆಗೆ ಬಾರದ, ಕುರಿ ಮೇಯಿಸುವುದಕ್ಕೆ ಮಾತ್ರ ಒದಗುವ ಉಪ್ಪುಗಾಳಿಯ ನೆಲ ಅದು. ಗಾಳಿಗೆ ಅಂಜಿದ ಕುರಿಗಳು ದಿಬ್ಬದ ಬುಡಕ್ಕೆ ಒತ್ತಿ ಮಲಗಿ ಮಲಗಿ ಮರಳು ಕಿತ್ತು ಆದ ಗುಂಡಿಗಳೇ ಮುಂದೆ ಆಟಗಾರನಿಗೆ ಅಡ್ಡಿಯಾಗುವ ಬಂಕರ್‌ಗಳಾದವು ಎಂಬ ಮಾತಿದೆ. ಬೇರೆಡೆಯ ಗಾಲ್ಫ್ ಮೈದಾನಗಳಲ್ಲಿ ಬುಲ್‌ಡೋಜರ್ ಹೊಡೆದು, ದುಬಾರಿ ಮರಳು ತಂದು ಸುರಿದು ಕಟ್ಟುವ ಬಂಕರ್‌ಗಳೆಲ್ಲ ಈ ಕುರಿಗಳ ನಕಲು.

ದಿಬ್ಬಗಳನ್ನು ಹಿಡಿದಿಟ್ಟಿರುವುದು ಮ್ಯಾರಮ್ ಎಂಬ ಹುಲ್ಲು. ಮೊಣಕಾಲೆತ್ತರ, ಚೂಪು ತುದಿ, ಗಾಳಿ ಬಂದಾಗ ಇಡೀ ದಿಬ್ಬವೇ ಮೈ ನಡುಗಿಸಿದಂತೆ ಕಾಣುತ್ತದೆ. ನಮ್ಮ ಕರಾವಳಿಯ ಮರಳಲ್ಲಿ ರಾವಣನ ಮೀಸೆ ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ. ಮರಳು ಮೇಲೆ ಬಿದ್ದು ಮುಚ್ಚಿದಷ್ಟೂ ಇದು ಚಿಗುರಿ ಮೇಲೆ ಬರುತ್ತದೆ. ಬೇರು ಬಲೆಯ ಹಾಗೆ ಹಬ್ಬುತ್ತದೆ. ಅಳಿಯನ ಮೊದಲ ಚೆಂಡು ಹೋಗಿ ಸೇರಿದ್ದು ಇದರೊಳಗೇ. ಐದು ನಿಮಿಷ ನಾಲ್ಕು ಜನ ಬಗ್ಗಿ ಹುಡುಕಿದರೂ ಸಿಗಲಿಲ್ಲ. ನನಗೆ ಮಾತ್ರ ಒಂದು ಮೊಲದ ಬಿಲ, ಎರಡು ಬಸವನಹುಳುವಿನ ಚಿಪ್ಪು, ಯಾರದ್ದೋ ಹಳೆಯ ಹಳದಿ ಚೆಂಡು ಸಿಕ್ಕವು.

ಬಸವನಹುಳು ಎಂದಾಗ ಕ್ಯಾಡಿ ದಕ್ಷಿಣದತ್ತ ಕೈ ತೋರಿ ಒಂದು ಕಥೆ ಹೇಳಿದ. ಅದು ಕಥೆಯಲ್ಲ, ನಡೆದದ್ದು. ಇದೇ ಕರಾವಳಿಯಲ್ಲಿ ಕೆಳಗೆ ಡೂನ್‌ಬೆಗ್ ಎಂಬಲ್ಲಿ ಇನ್ನೊಂದು ಗಾಲ್ಫ್ ಮೈದಾನವಿದೆ. ಅದು ತೆರೆದದ್ದು 2002ರಲ್ಲಿ. ಆಸ್ಟ್ರೇಲಿಯಾದ ಆಟಗಾರ ಗ್ರೆಗ್ ನಾರ್ಮನ್ ಅದನ್ನು ವಿನ್ಯಾಸ ಮಾಡಿದ್ದು. ಎಳ್ಳುಕಾಳಿನಷ್ಟು ಚಿಕ್ಕದೊಂದು ಅಪರೂಪದ ಬಸವನಹುಳು ಅಲ್ಲಿನ ದಿಬ್ಬಗಳಲ್ಲಿ ವಾಸವಾಗಿದ್ದರಿಂದ, ಆಟಕ್ಕೆ ಅತ್ಯುತ್ತಮವಾಗಿದ್ದ ದಿಬ್ಬಗಳನ್ನೇ ಬಿಟ್ಟು ಆಚೀಚೆ ಮೈದಾನ ಮಾಡಬೇಕಾಯಿತು. 2014ರಲ್ಲಿ ಆ ಮೈದಾನವನ್ನು ಕೊಂಡವರು ಡೊನಾಲ್ಡ್ ಟ್ರಂಪ್. "ಮಾಲೀಕರು ಬದಲಾಗುತ್ತಾರೆ, ಬಸವನಹುಳು ಅಲ್ಲೇ ಇದೆ" ಎಂದ ಕ್ಯಾಡಿ. ಇಷ್ಟು ಹೇಳುವಾಗಲೂ ಅವನ ಮುಖದಲ್ಲಿ ನಗು ಇರಲಿಲ್ಲ. ಈ ಊರಿನವರು ತಮಾಷೆ ಮಾಡುವುದೇ ಹಾಗೆ.

ಎರಡನೇ ಹೋಲು ಮತ್ತೆ ಊರಿನತ್ತ ಇಳಿಯಿತು, ಮೂರನೆಯದು ಕಡಲ ಪಕ್ಕಕ್ಕೆ ಹೊರಳಿತು. ಗಾಳಿ ಸಿಕ್ಕಿದ್ದು ಅಲ್ಲಿ. ಅದು ಬೀಸುವ ಗಾಳಿಯಲ್ಲ, ಎದೆಗೆ ಆನಿಕೊಂಡು ನಿಲ್ಲುವ ಗಾಳಿ. ಪಶ್ಚಿಮಕ್ಕೆ ಹೋದರೆ ಇಲ್ಲಿಂದ ಕೆನಡಾದವರೆಗೆ ಅದಕ್ಕೆ ತಡೆಯೆಂಬುದೇ ಇಲ್ಲ. ನನ್ನ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಕ್ಯಾಡಿ, "ಇವತ್ತು ಗಾಳಿಯೇ ಇಲ್ಲ" ಎಂದ. ಇವನ ಮಾತನ್ನು ಎಷ್ಟು ನಂಬಬೇಕು ಎಂದು ಯೋಚಿಸುತ್ತಿದ್ದಾಗ ಆತಿಥೇಯರು ಇಲ್ಲಿನ ರೈಲಿನ ವಿಷಯ ತೆಗೆದರು. ವೆಸ್ಟ್ ಕ್ಲೇರ್ ಎಂಬ ಕಿರುಹಳಿಯ ರೈಲು ಎನಿಸ್ ಪಟ್ಟಣದಿಂದ ಲಾಹಿಂಚ್ ಮೇಲೆ ಹೋಗುತ್ತಿತ್ತು. ಹಳಿಗಳ ನಡುವಿನ ಅಗಲ ಮೂರೇ ಅಡಿ. 1887ರಲ್ಲಿ ಶುರುವಾಗಿ 1961ರಲ್ಲಿ ನಿಂತುಹೋಯಿತು. ಮುಂದಿನ ಕ್ವಿಲ್ಟಿ ಎಂಬ ನಿಲ್ದಾಣದಲ್ಲಿ ಗಾಳಿ ಅಳೆಯುವ ಯಂತ್ರವಿತ್ತು. ವೇಗ ಗಂಟೆಗೆ 60 ಮೈಲಿ ದಾಟಿದರೆ ಬೋಗಿಗಳಲ್ಲಿ ಭಾರ ತುಂಬಿ ಓಡಿಸಬೇಕು, 80 ದಾಟಿದರೆ ರೈಲೇ ಇಲ್ಲ. ರೈಲು ಉರುಳಿಸುವ ಗಾಳಿಯಲ್ಲಿ ಬೆಳೆದವನಿಗೆ ನನ್ನ ಟೋಪಿ ಯಾವ ಲೆಕ್ಕ? ಪರ್ಸಿ ಫ್ರೆಂಚ್ ಎಂಬ ಹಾಡುಗಾರ ಈ ರೈಲು ತಡವಾಗಿ ತನ್ನ ಕಾರ್ಯಕ್ರಮ ಕೆಟ್ಟಿತೆಂದು ಕೋರ್ಟಿಗೆ ಹೋಗಿ ಪರಿಹಾರ ಪಡೆದ. ಸಾಲದೆಂಬಂತೆ ರೈಲನ್ನು ಗೇಲಿ ಮಾಡಿ ಹಾಡೂ ಕಟ್ಟಿದ. ರೈಲು ಹೋದರೂ ಹಾಡು ಉಳಿದಿದೆ. ಆದರೆ ಲಾಹಿಂಚನ್ನು ಗಾಲ್ಫ್ ಊರು ಮಾಡಿದ್ದರಲ್ಲಿ ಆ ಬಡಪಾಯಿ ರೈಲಿನ ಪಾಲು ದೊಡ್ಡದು. ಲಿಮೆರಿಕ್ ಕಡೆಯಿಂದ ಕೋಲಿನ ಚೀಲ ಹೊತ್ತು ಬರುತ್ತಿದ್ದವರಿಗೆ ಅದೇ ಆಧಾರವಾಗಿತ್ತು.

ಹಾಗೆ ಬಂದವರಲ್ಲಿ ಮೊದಲಿಗರು ಸೈನಿಕರು. ಲಿಮೆರಿಕ್‌ನಲ್ಲಿ ಬೀಡುಬಿಟ್ಟಿದ್ದ ಬ್ಲ್ಯಾಕ್ ವಾಚ್ ಎಂಬ ಸ್ಕಾಟಿಷ್ ದಳದ ಅಧಿಕಾರಿಗಳು ತಮ್ಮೂರಿನ ಆಟಕ್ಕೆ ಹೊಂದುವ ಮರಳುನೆಲ ಹುಡುಕುತ್ತಾ ಇಲ್ಲಿಗೆ ಬಂದರು. 1892ರ ಗುಡ್ ಫ್ರೈಡೇ ದಿನ ಕ್ಲಬ್ ಶುರುವಾಯಿತು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದ್ದು ಎಂದು ನಾನು ಹೇಳಿದಾಗ ಆತಿಥೇಯರು ನಿಂತಲ್ಲೇ ತಿರುಗಿ ನೋಡಿದರು. ಕಲ್ಕತ್ತೆಯದು 1829ರದ್ದು ಎಂದು ಸೇರಿಸಿದೆ. ಬ್ರಿಟಿಷ್ ದಂಡು ಹೋದಲ್ಲೆಲ್ಲ ಈ ಆಟವೂ ಹೋಗಿದೆ. ಇಲ್ಲಿಗೆ ಬೆಂಗಳೂರಿಗಿಂತ ಹದಿನಾರು ವರ್ಷ ತಡವಾಗಿ ಬಂತು, ಅಷ್ಟೇ. ಆದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರಿನಲ್ಲಿ ಗಾಲ್ಫ್ ಎಂದರೆ ನಮ್ಮಂಥವರಿಗೆ ಒಂದು ಉದ್ದನೆಯ ಕಾಂಪೌಂಡು ಗೋಡೆ. ಇಲ್ಲಿ ಲಿಸ್ಕ್ಯಾನರ್‌ಗೆ ಹೋಗುವ ರಸ್ತೆ ಮೈದಾನದ ಪಕ್ಕದಲ್ಲೇ ಸಾಗುತ್ತದೆ. ಬಸ್ಸಿನಲ್ಲಿ ಕೂತವನಿಗೂ ಆಟ ಕಾಣುತ್ತದೆ.

ಈಗ ನಾಲ್ಕನೇ ಹೋಲು. ಇದಕ್ಕಾಗಿಯೇ ನನ್ನನ್ನು ಕರೆತಂದದ್ದು ಎಂದು ಅಳಿಯ ಮೊದಲೇ ಹೇಳಿದ್ದ. ಹೆಸರು ಕ್ಲೋಂಡೈಕ್. ಎರಡು ದಿಬ್ಬಗಳ ನಡುವಿನ ಓಣಿಯಲ್ಲಿ ಮೊದಲ ಹೊಡೆತ. ಮುಂದೆ ಹೋಗಿ ನೋಡಿದರೆ ದಾರಿಯೇ ಇಲ್ಲ! ಎದುರಿಗೆ ಮನೆಯಷ್ಟು ಎತ್ತರದ ಮರಳುಗುಡ್ಡ ದಾರಿಗೆ ಅಡ್ಡ ಮಲಗಿದೆ. ಅದರಾಚೆ ಏನಿದೆ ಎಂಬುದು ಕಾಣುವುದಿಲ್ಲ. ಗುಡ್ಡದ ನೆತ್ತಿಯ ಮೇಲೆ ಒಬ್ಬ ಮನುಷ್ಯ ಬಾವುಟ ಹಿಡಿದು ನಿಂತಿರುತ್ತಾನೆ. ಆಚೆ ಬದಿಯಲ್ಲಿ ಜನರಿದ್ದಾರೆಯೇ, ಹೊಡೆಯಬಹುದೇ ಎಂದು ಹೇಳುವುದೇ ಅವನ ಉದ್ಯೋಗ. ಆಚೆ ಇರುವವರು ಮುಂದಿನ ತಂಡದವರಷ್ಟೇ ಅಲ್ಲ. ಹದಿನೆಂಟನೇ ಹೋಲಿನ ದಾರಿಯೂ ಅದೇ ಜಾಗದಲ್ಲಿ ಅಡ್ಡ ಹಾಯುತ್ತದೆ. ಸುತ್ತು ಮುಗಿಸಿ ಮನೆಗೆ ಹೊರಟವರ ತಲೆಯ ಮೇಲೆ, ಈಗಷ್ಟೇ ಆಟ ಶುರು ಮಾಡಿದವರ ಚೆಂಡು ಬೀಳಬಾರದಲ್ಲ. ನಾವು ನೋಡುತ್ತಿದ್ದಂತೆ ಆ ಮನುಷ್ಯ ಬಾವುಟ ಬೀಸಿದ. ಅಳಿಯ ಹೊಡೆದ. ಚೆಂಡು ಗುಡ್ಡದ ನೆತ್ತಿಯ ಮೇಲೆ ಚುಕ್ಕಿಯಾಗಿ ಒಂದು ಕ್ಷಣ ನಿಂತು ಆಚೆ ಇಳಿಯಿತು. ಎಲ್ಲಿ ಬಿತ್ತೆಂದು ತಿಳಿದದ್ದು ಬಾವುಟದವನಿಗೊಬ್ಬನಿಗೇ. ಅವನು ಕೈಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಪರವಾಗಿಲ್ಲ ಎಂದಿರಬೇಕು.

ಅದು ಮುಗಿಯುತ್ತಲೇ ಐದನೆಯದು, ಡೆಲ್. ಚಿಕ್ಕ ಹೋಲು, ಸುಮಾರು 150 ಗಜ. ಒಂದೇ ಹೊಡೆತದಲ್ಲಿ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಮುಟ್ಟಬೇಕು. ಆದರೆ ಗ್ರೀನ್ ಎಲ್ಲಿ? ಎದುರಿಗೆ ಹುಲ್ಲು ತುಂಬಿದ ದಿಬ್ಬ, ಅದರ ಹಿಂದೆ ಇನ್ನೊಂದು ದಿಬ್ಬ. ಎರಡರ ನಡುವಿನ ತೊಟ್ಟಿಲಿನಂಥ ತಗ್ಗಿನಲ್ಲಿ ಗ್ರೀನ್ ಅಡಗಿದೆ. ಎದುರಿನ ದಿಬ್ಬದ ಮೈಮೇಲೆ ಒಂದು ಬಿಳಿಯ ಕಲ್ಲು. ಅಷ್ಟೇ. ಸುಣ್ಣ ಬಳಿದ, ತೆಂಗಿನಕಾಯಿಗಿಂತ ಕೊಂಚ ದೊಡ್ಡ ಕಲ್ಲು. ಕುಳಿಯ ಜಾಗ ಬದಲಾದಾಗ ಕಲ್ಲನ್ನೂ ಸರಿಸಿಡುತ್ತಾರೆ. ಕುಳಿ ಈ ಕಲ್ಲಿನ ನೇರಕ್ಕೆ ಆಚೆ ಎಲ್ಲೋ ಇದೆ ಎಂಬುದಷ್ಟೇ ಆಟಗಾರನಿಗೆ ಸಿಗುವ ಸುಳಿವು. ಆ ಕುಳಿಯ ಬಾಯಿ ನಾಲ್ಕೂಕಾಲು ಇಂಚು.

"ಕಲ್ಲನ್ನು ನೋಡು. ಗಾಳಿಗೆ ಎಡಕ್ಕೆ ಎರಡು ಮಾರು ಬಿಡು. ಹೊಡೆದ ಮೇಲೆ ತಲೆ ಎತ್ತಬೇಡ, ಎತ್ತಿ ನೋಡಲು ಅಲ್ಲೇನೂ ಇಲ್ಲ" ಎಂದ ಕ್ಯಾಡಿ.

ಅಳಿಯ ಹೊಡೆದ. ಚೆಂಡು ಕಲ್ಲಿನ ಮೇಲೇ ಹಾದುಹೋಯಿತು. ಸದ್ದಿಲ್ಲ. ಬಿದ್ದದ್ದು ಮರಳಿಗೋ ಹುಲ್ಲಿಗೋ ಕುಳಿಗೋ, ದಿಬ್ಬ ಸುತ್ತಿ ಹೋಗುವವರೆಗೆ ಗೊತ್ತಾಗುವಂತಿಲ್ಲ. ಆ ನೂರೈವತ್ತು ಗಜ ನಡೆಯುವಾಗ ನಾಲ್ವರಲ್ಲಿ ಯಾರೂ ಮಾತಾಡಲಿಲ್ಲ. ಪರೀಕ್ಷೆಯ ಫಲಿತಾಂಶದ ಬೋರ್ಡಿನ ಕಡೆ ಹೋಗುವ ಹುಡುಗನ ನಡಿಗೆ ನನ್ನ ಅಳಿಯನದು. ಗಾಲ್ಫ್ ಎಂದರೆ ಏನೂ ತಿಳಿಯದ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಕಾಲದ ಕ್ಯಾಡಿಗಳಲ್ಲಿ ಕೆಲವರು ಮುಂದೆ ಓಡಿಹೋಗಿ ಚೆಂಡನ್ನು ತಾವೇ ಕುಳಿಯೊಳಗೆ ಹಾಕಿ, ಒಂದೇ ಹೊಡೆತಕ್ಕೆ ಕುಳಿ ಕಂಡ ಸಂತೋಷದಲ್ಲಿ ಯಜಮಾನ ಕೊಡುವ ಭಕ್ಷೀಸು ಗಿಟ್ಟಿಸುತ್ತಿದ್ದರೆಂಬ ಮಾತು ಈ ಊರಿನಲ್ಲಿ ಓಡಾಡುತ್ತದೆ. ನಿಜವೇ ಎಂದು ನಮ್ಮ ಕ್ಯಾಡಿಯನ್ನು ಕೇಳಿದೆ. ಅವನು ಕೆಮ್ಮಿದ.

ಚೆಂಡು ಗ್ರೀನ್ ಮೇಲೇ ಇತ್ತು, ಕುಳಿಯಿಂದ ಹತ್ತು ಹೆಜ್ಜೆ ದೂರ. ಅಳಿಯ ಮೂರು ಹೊಡೆತ ತೆಗೆದುಕೊಂಡು ಅದನ್ನು ಒಳಗೆ ಹಾಕಿದ. ಕಾಣದಿದ್ದಾಗ ಒಂದೇ ಹೊಡೆತಕ್ಕೆ ಅಷ್ಟು ದೂರ ಬಂದವನಿಗೆ, ಕಣ್ಣೆದುರೇ ಕಾಣುವ ಹತ್ತು ಹೆಜ್ಜೆಗೆ ಮೂರು ಬೇಕಾದವು.

ಈಗಿನ ಗಾಲ್ಫ್ ವಿನ್ಯಾಸಕಾರರು ಇಂಥ ಕುರುಡು ಹೋಲುಗಳನ್ನು ಕಂಡರೆ ಮೂಗು ಮುರಿಯುತ್ತಾರೆ. ಗುರಿ ಆಟಗಾರನ ಕಣ್ಣಿಗೆ ಕಾಣಬೇಕು, ಇಲ್ಲವಾದರೆ ಅದು ಅದೃಷ್ಟದ ಆಟ ಎಂಬುದು ಅವರ ವಾದ. ಇವೆರಡೂ ಉಳಿದುಬಂದ ಬಗೆ ಅದಕ್ಕೇ ಹೇಳುವಂಥದ್ದು. 1894ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಿಂದ ಓಲ್ಡ್ ಟಾಮ್ ಮಾರಿಸ್ ಎಂಬ ಗಾಲ್ಫ್ ವಿನ್ಯಾಸಕಾರ ಬಂದು ಮೈದಾನಕ್ಕೆ ರೂಪ ಕೊಟ್ಟ. ದಿನಕ್ಕೊಂದು ಪೌಂಡು ಕೂಲಿ, ಮೇಲೆ ದಾರಿಖರ್ಚು ಎಂಬುದು ಆ ಮುದುಕನ ಎಂದಿನ ದರ. ನೆಲ ತಾನಾಗಿಯೇ ಮೈದಾನವಾಗಿ ಕೂತಿರುವಾಗ ತಾನು ಮಾಡಬೇಕಾದ್ದು ಕಡಿಮೆ ಎಂಬ ಭಾವ ಅವನದ್ದು. ದಿಬ್ಬ ಅಡ್ಡ ಬಂದಲ್ಲಿ ಅದನ್ನು ಹಾಗೇ ಬಿಟ್ಟ. 1927ರಲ್ಲಿ ಕ್ಲಬ್ಬು ಅಲಿಸ್ಟರ್ ಮೆಕೆಂಝಿಯನ್ನು ಕರೆಸಿತು. ಮೆಕೆಂಝಿ ಮೊದಲು ವೈದ್ಯನಾಗಿದ್ದವನು. ಬೋಯರ್ ಯುದ್ಧದಲ್ಲಿ ಶತ್ರುಗಳು ನೆಲದೊಳಗೆ ನೆಲವಾಗಿ ಅಡಗುತ್ತಿದ್ದುದನ್ನು ಕಂಡು ಬೆರಗಾದವನು. ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆಗೆ ಮರೆಮಾಚುವ ವಿದ್ಯೆಯನ್ನೇ ಕಲಿಸಿದವನು. ಮುಂದೆ ಅಮೆರಿಕದ ಅಗಸ್ಟಾ ಮೈದಾನವನ್ನು ಆಟಗಾರ ಬಾಬಿ ಜೋನ್ಸ್ ಜೊತೆ ಮಾಡಿದವನೂ ಇವನೇ. ಇವನು ರಸ್ತೆಯಾಚೆಗಿದ್ದ ಹೋಲುಗಳನ್ನೆಲ್ಲ ಸಮುದ್ರದ ಕಡೆಯ ದಿಬ್ಬಗಳಿಗೆ ತಂದ, ಹೆಚ್ಚುಕಡಿಮೆ ಎಲ್ಲವನ್ನೂ ಬದಲಿಸಿದ. ಕ್ಲೋಂಡೈಕ್, ಡೆಲ್ ಎರಡಕ್ಕೆ ಮಾತ್ರ ಕೈ ಹಚ್ಚಕೂಡದೆಂದು ಸದಸ್ಯರು ಪಟ್ಟು ಹಿಡಿದರು. ಅವನಿಗೆ ಒಪ್ಪಿಕೊಳ್ಳದೆ ವಿಧಿ ಇರಲಿಲ್ಲ. 1999ರಲ್ಲಿ ಆರಂಭವಾದ, ಮಾರ್ಟಿನ್ ಹಾಟ್ರಿ ಎಂಬ ವಿನ್ಯಾಸಕಾರನ ಜೀರ್ಣೋದ್ಧಾರದಲ್ಲೂ ಅವು ಹಾಗೇ ಉಳಿದವು. ನನಗಂತೂ ಆ ಹಳೆಯ ಸದಸ್ಯರ ಹಟವೇ ಸರಿ ಎನಿಸಿತು. ಎಲ್ಲವೂ ಕಾಣುವ ಮೈದಾನದಲ್ಲಿ ಆಡುವವನು ಚೆಂಡನ್ನು ಹಿಂಬಾಲಿಸಿ ಹೋಗುತ್ತಾನೆ. ಇಲ್ಲಿ ಅದನ್ನು ಕಾಣಲು ಹೋಗುತ್ತಾನೆ.

ಆರನೇ ಹೋಲಿನ ಎತ್ತರದಿಂದ ಕೊಲ್ಲಿಯೆಲ್ಲ ತೆರೆದುಕೊಂಡಿತು. ಇನಾಗ್ ನದಿ ತನ್ನ ಕಂದುನೀರನ್ನು ತಂದು ಕಡಲಿಗೆ ಸೇರಿಸುವ ಅಳಿವೆ, ನದಿಯ ಬದಿಯಲ್ಲಿ ಹಲ್ಲುಮುರಿದ ಡೂ ಕೋಟೆಯ ಗೋಪುರ, ಆಚೆ ಲಿಸ್ಕ್ಯಾನರ್‌ನ ಬಿಳಿಮನೆಗಳು, ಅವುಗಳ ಹಿಂದೆ ಏರುತ್ತಾ ಹೋಗುವ ನೆಲ. ಆ ನೆಲ ಆಚೆಬದಿಯಲ್ಲಿ ಚಾಕುವಿನಿಂದ ಕೊಯ್ದಂತೆ ಕಡಲಿಗೆ ಕಡಿದು ಬೀಳುತ್ತದೆ. ಅದೇ ಮೋಹರ್ ಬಂಡೆಗಳು, ಅತಿ ಎತ್ತರದಲ್ಲಿ 214 ಮೀಟರ್. ಪ್ರವಾಸಿಗಳೆಲ್ಲ ಹೋಗುವುದು ಅಲ್ಲಿಗೇ. ನನ್ನ ಕಣ್ಣು ಮಾತ್ರ ಲಿಸ್ಕ್ಯಾನರ್ ಮೇಲೆ ನಿಂತಿತು. ಜಲಾಂತರ್ಗಾಮಿ ಕಟ್ಟಿದ ಜಾನ್ ಫಿಲಿಪ್ ಹಾಲೆಂಡ್ 1841ರಲ್ಲಿ ಹುಟ್ಟಿದ್ದು ಆ ಪುಟ್ಟ ಊರಿನಲ್ಲಿ. 1900ರಲ್ಲಿ ಅಮೆರಿಕದ ನೌಕಾಪಡೆ ವಿಧ್ಯುಕ್ತವಾಗಿ ಸೇವೆಗೆ ಸೇರಿಸಿಕೊಂಡ ಮೊದಲ ಜಲಾಂತರ್ಗಾಮಿಗೆ ಅವನದೇ ಹೆಸರು. ಅವನು ನೋಡುತ್ತಾ ಬೆಳೆದ ಕೊಲ್ಲಿ ಇದು. ಇದರ ನೀರಿನಡಿ ಏನಿದೆಯೆಂಬ ಕುತೂಹಲ ಅವನಿಗೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಮಳೆ ಬಂದದ್ದು ಒಂಬತ್ತನೇ ಹೋಲಿನಲ್ಲಿ. ಮೊದಲು ಮೋಹರ್ ಕಡೆಯ ನೆಲ ಮಾಯವಾಯಿತು, ಆಮೇಲೆ ಲಿಸ್ಕ್ಯಾನರ್, ಆಮೇಲೆ ಕೋಟೆ. ನಮ್ಮ ಕಡೆಯ ಹಾಗೆ ಸದ್ದು ಮಾಡಿಕೊಂಡು ಬರುವ ಮಳೆಯಲ್ಲ. ಅಡ್ಡಡ್ಡವಾಗಿ, ಉಪ್ಪು ಬೆರೆತು, ಮುಖಕ್ಕೆ ಎರಚುವ ಸೋನೆ. ಕ್ಯಾಡಿ ಏನೂ ಆಗದವನಂತೆ, "ಮೆತ್ತಗಿನ ದಿನ" ಎಂದ. ಇಲ್ಲಿ ಮಳೆಗೆ ಅದೇ ಮಾತು. ಅಳಿಯ ಫೋನ್ ತೆಗೆದು ನೋಡಿದ. ಅದರಲ್ಲಿ ಇನ್ನೂ ಬಿಸಿಲೇ ಇತ್ತು. ಜಾಕೆಟ್ ಕಾರಿನಲ್ಲಿತ್ತು.

ಉಳಿದ ಒಂಬತ್ತು ಹೋಲುಗಳ ಬಗ್ಗೆ ಹೇಳುವಷ್ಟು ನಾನು ನೋಡಲಿಲ್ಲ, ಕನ್ನಡಕದ ತುಂಬ ನೀರು. ಹದಿನೆಂಟನೆಯದರಲ್ಲಿ ಕ್ಲೋಂಡೈಕ್ ಗುಡ್ಡದ ಬುಡಕ್ಕೆ ಬಂದಾಗ ನೆತ್ತಿಯ ಮೇಲೆ ಬಾವುಟದವನು ಮಳೆಯಲ್ಲೇ ನಿಂತಿದ್ದ. ನಮ್ಮನ್ನು ಕಂಡು ಕೈ ಎತ್ತಿದ, ಆಚೆ ತಿರುಗಿ ಯಾರನ್ನೋ ತಡೆದ. ನಾವು ದಾಟಿದೆವು.

ಕ್ಲಬ್‌ಹೌಸಿನಲ್ಲಿ ಬಿಸಿ ಚೌಡರ್ ಬಂತು, ಮೀನು ಸೀಗಡಿ ಆಲೂಗಡ್ಡೆ ಹಾಲು ಹಾಕಿದ ಗಟ್ಟಿ ಸಾರು. ಜೊತೆಗೆ ಕಂದು ಸೋಡಾ ಬ್ರೆಡ್ಡು, ಬೆಣ್ಣೆ, ಗಂಟಲು ಸುಡುವ ಕಡಕ್ ಚಹಾ. ಚಹಾದ ವಿಷಯದಲ್ಲಿ ಐರಿಷರು ನಮ್ಮವರೇ. ಪಕ್ಕದ ಮೇಜಿನಲ್ಲಿ ಇಬ್ಬರು ಮುದುಕರು 2019ರ ಐರಿಷ್ ಓಪನ್ ಬಗ್ಗೆ ವಾದ ಹೂಡಿದ್ದರು. ಆಗ ಸ್ಪೇನಿನ ಜಾನ್ ರಾಮ್ ಕೊನೆಯ ದಿನ 62 ಹೊಡೆತಗಳಲ್ಲಿ ಸುತ್ತು ಮುಗಿಸಿ ಇಲ್ಲೇ ಗೆದ್ದದ್ದು. ಒಬ್ಬರಿಗೆ ರಾಮ್ ದೊಡ್ಡವನು, ಇನ್ನೊಬ್ಬರಿಗೆ ಜಾನ್ ಬರ್ಕ್. ಬರ್ಕ್ ಈ ಊರಿನವನು, 1895ರಿಂದ ಇಲ್ಲಿ ನಡೆಯುತ್ತಿರುವ ಸೌತ್ ಆಫ್ ಐರ್ಲೆಂಡ್ ಪಂದ್ಯಾವಳಿಯನ್ನು ಹನ್ನೊಂದು ಸಲ ಗೆದ್ದವನು. ವಾದ ತೀರುವ ಲಕ್ಷಣ ಕಾಣಲಿಲ್ಲ. ಅಳಿಯ ತನ್ನ ಒದ್ದೆ ಸ್ಕೋರ್ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಲೆಕ್ಕ ಕೇಳಬೇಡಿ ಮಾವ" ಎಂದ. ಕೇಳಲಿಲ್ಲ.

ಶಾನನ್ ವಿಮಾನ ನಿಲ್ದಾಣದಿಂದ ಲಾಹಿಂಚ್‌ಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ಮೋಹರ್ ಬಂಡೆ ನೋಡಲು ಹೋಗುವ ಕನ್ನಡಿಗರು ಹೆಚ್ಚಾಗಿ ಈ ರಸ್ತೆಯಲ್ಲೇ ಹಾದುಹೋಗುತ್ತೀರಿ. ಗಾಲ್ಫ್ ಬಾರದಿದ್ದರೂ ಅರ್ಧ ಗಂಟೆ ಇಳಿಯಿರಿ. ಆಡುವವರ ಪರಿಚಯವಿದ್ದರೆ ಐದನೇ ಹೋಲಿನವರೆಗೆ ಜೊತೆಗೆ ನಡೆಯಿರಿ, ಆ ಬಿಳಿಕಲ್ಲು ನೋಡಿ. ಚೆಂಡು ಎಲ್ಲಿ ಬಿದ್ದಿರಬಹುದೆಂದು ಮಾತ್ರ ಕ್ಯಾಡಿಯನ್ನು ಕೇಳಬೇಡಿ. ಜಾಕೆಟ್ ಹಾಕಿಕೊಂಡೇ ಹೋಗಿ.